ತಣ್ಣನೆಯ ಕಾರ್ಡು ಕಂಡ ಹೊಲಿಗೆ

ಚನಬಸಪ್ಪನ ಕೈ ಚಹಾದ ಬಟ್ಟಲನ್ನು ಹಿಡಿದು ಬಾಯಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ನಿಂತಿತು. ಮೊದಲು ಮೇಜಿನ ಮೇಲೆ, ಆಮೇಲೆ ಎದೆಯ ಹತ್ತಿರ, ಆಮೇಲೆ ಮೀಸೆಯ ಕೆಳಗೆ. ನಡುವಿನ ದಾರಿ ಇರಲೇ ಇಲ್ಲ.

“ಭುವೀ,” ಎಂದು ನೀಲವ್ವ ಮಗಳನ್ನು ಕರೆದಳು. “ಮತ್ತ ಶುರುವಾತು ನೋಡವ್ವ. ನಿಮ್ಮಪ್ಪ ತುಣುಕು ತುಣುಕಾಗಿ ಚಾ ಕುಡ್ಯಾಕತ್ತಾರ.”

“ಹೆಂಗ ಕುಡದ್ರೇನು,” ಎಂದ ಚನಬಸಪ್ಪ. “ಸಕ್ಕರಿ ಹಾಕೂದಂತೂ ಮರತಿ.”

ಭುವನಾ ನಗುತ್ತ ಎದ್ದುಹೋಗಿ ಕಿಟಕಿಯ ಬಳಿಯಿದ್ದ ಕಂಪ್ಯೂಟರಿನ ತೆರೆಯನ್ನು ನೋಡಿದಳು. ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ತೊಂಬತ್ತು ಡಿಗ್ರಿಯ ಅಂಚಿನಲ್ಲಿತ್ತು. ಹೊರಗೆ ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ. ನವನಗರದ ಡಾಂಬರು ರಸ್ತೆ ಮೆತ್ತಗಾಗಿ ಸ್ಕೂಟರುಗಳ ಸ್ಟ್ಯಾಂಡು ಅದರಲ್ಲಿ ಹೂತುಕೊಳ್ಳುತ್ತಿದ್ದ ಹೊತ್ತು.

ನೀಲವ್ವನ ಕಣ್ಣಿನ ನರಗಳು ಕೆಲವು ವರ್ಷಗಳ ಹಿಂದೆ ಗ್ಲಾಕೋಮಾದಿಂದ ಸಂಪೂರ್ಣ ನಾಶವಾಗಿದ್ದವು. ಕಣ್ಣು ಹೋದರೂ, ಕಂಡದ್ದನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಹಿಂಭಾಗ ಹಾಗೆಯೇ ಉಳಿದಿತ್ತು. ಧಾರವಾಡದ ದೃಷ್ಟಿ ಪುನರ್ನಿರ್ಮಾಣ ಕೇಂದ್ರದವರು ಅಲ್ಲಿ ಅಂಚೆಚೀಟಿಯಷ್ಟಗಲದ ಒಂದು ಹಾಳೆಯನ್ನು ಕೂರಿಸಿದ್ದರು. ಹಾಳೆಯ ತುಂಬ ಕೂದಲಿಗಿಂತ ಸಣ್ಣ ವಿದ್ಯುತ್ ಮೊನೆಗಳು. ಅವಳು ತೊಡುವ ಕನ್ನಡಕದ ಎರಡು ಕ್ಯಾಮೆರಾಗಳು ಎದುರಿನ ದೃಶ್ಯವನ್ನು ಹಿಡಿಯುತ್ತಿದ್ದವು. ಆದರೆ ಆ ದೃಶ್ಯವನ್ನು ಮೆದುಳಿಗೆ ನೇರವಾಗಿ ಕೊಡುವಂತಿರಲಿಲ್ಲ. ಯಾವ ಮೊನೆ, ಎಷ್ಟು ಬಲವಾಗಿ, ಯಾವ ಕ್ಷಣದಲ್ಲಿ ಮಿಡಿಯಬೇಕೆಂದು ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು. ಅಸಂಖ್ಯ ಸಣ್ಣ ಲೆಕ್ಕಗಳನ್ನು ಒಟ್ಟಿಗೆ ಮಾಡಬಲ್ಲ, ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಯಂತ್ರ ಒಂದೇ: ಕಂಪ್ಯೂಟರ್ ಆಟಗಳಿಗಾಗಿ ಹುಟ್ಟಿದ ಗ್ರಾಫಿಕ್ಸ್ ಕಾರ್ಡು.

ನೀಲವ್ವನ ಮನೆಯಲ್ಲಿ ಅದು ಭುವನಾಳದಾಗಿತ್ತು. ಕಾಲೇಜಿನಲ್ಲಿದ್ದಾಗ ಅವಳು ಒಂದೊಂದೇ ಭಾಗ ಕೊಂಡು ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಅದು; ಅದರಲ್ಲಿ ಆಡಿ ಅವಳು ಅಂತರ್ ಜಿಲ್ಲಾ ಪಂದ್ಯಗಳನ್ನೂ ಗೆದ್ದಿದ್ದಳು. ಎರಡು ವರ್ಷಗಳಿಂದ ಅದೇ ಕಾರ್ಡು ಅವಳ ತಾಯಿಯ ಲೋಕವನ್ನು ಬಿಡಿಸುತ್ತಿತ್ತು. ಆಟದ ಲೋಕ, ಅವ್ವನ ಲೋಕ ಎರಡನ್ನೂ ಒಟ್ಟಿಗೆ ಬಿಡಿಸುವ ತ್ರಾಣ ಅದಕ್ಕಿರಲಿಲ್ಲ. ಭುವನಾ ಆಟ ಬಿಟ್ಟಿದ್ದಳು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಲೆಕ್ಕ ಮಾಡುವ ಯಾವ ಯಂತ್ರವೂ ಬಿಸಿಯಾಗದೆ ಇರಲಾರದು. ಬಿಸಿ ಮಿತಿ ಮೀರಿದಾಗ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ನೀಲವ್ವನಿಗೆ ಒಂದು ಸೆಕೆಂಡಿಗೆ ಮೂವತ್ತು ಚಿತ್ರ ಕಾಣುತ್ತಿದ್ದವು. ಏಪ್ರಿಲ್ಲಿನಲ್ಲಿ ಮೂರೋ ನಾಲ್ಕೋ.

ಭುವನಾ ಕ್ಯಾಬಿನೆಟ್ಟಿನ ಬಾಗಿಲು ತೆಗೆದಳು. “ಯವ್ವಾ, ಸ್ವಲ್ಪ ಹೊತ್ತು ಕತ್ತಲಾಗ್ತೈತಿ.”

“ಆಗ್ಲಿ. ಸೂಜಿ ಎತ್ತಿಟ್ಟೀನಿ.”

ಪೇಂಟಿಂಗ್ ಬ್ರಷ್ಷಿನಿಂದ ಫ್ಯಾನುಗಳ ಧೂಳು ತೆಗೆದು, ಕಾರ್ಡಿನ ಲೆಕ್ಕ ಮಾಡುವ ಚಿಪ್ಪಿನ ಮೇಲೆ ಒಣಸುಣ್ಣದಂತೆ ಬಿರುಕುಬಿಟ್ಟಿದ್ದ, ಶಾಖವನ್ನು ಹೊರಗೆ ಸಾಗಿಸುವ ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ, ಹೊಸದನ್ನು ತೆಳುವಾಗಿ ಸವರಿದಳು. ಉಷ್ಣತೆ ನಾಲ್ಕು ಡಿಗ್ರಿ ಇಳಿಯಿತು. ಅದು ಸಾಲದೆಂದು ಅವಳಿಗೆ ಗೊತ್ತಿತ್ತು. ಕೋಣೆಯ ಗಾಳಿಯೇ ನಲವತ್ತೊಂದು ಡಿಗ್ರಿ ಇರುವಾಗ ಫ್ಯಾನು ಬಿಸಿಗೆ ಬಿಸಿಯನ್ನೇ ಬೀಸುತ್ತದೆ.

ಸೂಜಿಯ ಕಾರಣಕ್ಕೆ ಈ ಬೇಸಿಗೆ ಎಂದಿನಂತಿರಲಿಲ್ಲ. ಹಿರಿಯ ಮಗಳು ಗಿರಿಜಾ ಚೊಚ್ಚಲ ಬಸುರಿ. ಜೂನ್ ಮೊದಲ ವಾರ ಇದೇ ಮನೆಯಲ್ಲಿ ಅವಳ ಸೀಮಂತದ ಕುಬಸ. ಆ ದಿನ ಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಉಡಿಸಬೇಕು. ಕಣ್ಣಿದ್ದಾಗ ನೀಲವ್ವ ಊರಿನ ಎಷ್ಟೋ ಹೆಣ್ಣುಮಕ್ಕಳ ಕುಬಸದ ಸೀರೆಗೆ ಕಸೂತಿ ಹಾಕಿದವಳು. ತನ್ನ ಮಗಳದನ್ನು ಬೇರೆಯವರ ಕೈಗೆ ಕೊಡುವ ಮಾತೇ ಇರಲಿಲ್ಲ.

ಕಸೂತಿಗೆ ಚಿತ್ರ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಗಂಟು ಬೀಳಬಾರದು. ಮುಂಭಾಗ ಹೇಗೋ ಬೆನ್ನೂ ಹಾಗೆಯೇ ಇರಬೇಕು. ಕುಬಸಕ್ಕೆ ಬಂದ ಬೀಗರ ಕಡೆಯ ಹಿರಿಯ ಹೆಂಗಸರು ಸೆರಗನ್ನು ಹಿಡಿದು ಮೊದಲು ಮಗುಚುತ್ತಾರೆ. ಅವರು ನೋಡುವುದು ಬೆನ್ನನ್ನೇ. ಕಸೂತಿಯ ಹೊಲಿಗೆಗಳಲ್ಲಿ ಗವಂತಿ ಎಂಬುದೊಂದು. ದಾರ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತ ಹೋಗುತ್ತದೆ. ಬಟ್ಟೆಯ ಮೇಲೆ ತುಂಡು ಗೆರೆ ಮೂಡುತ್ತದೆ. ಬರುವಾಗ ಅದೇ ದಾರ ಬಿಟ್ಟ ಜಾಗಗಳನ್ನು ತುಂಬುತ್ತ ಹಿಂದಿರುಗುತ್ತದೆ. ಆಗ ಎರಡೂ ಕಡೆ ಅಖಂಡ ಗೆರೆ.

ಕಪ್ಪು ಬಟ್ಟೆ, ಬಿಳಿ ದಾರ, ಎಣಿಸಬೇಕಾದ ಎಳೆ. ಗ್ರಾಫಿಕ್ಸ್ ಕಾರ್ಡಿಗೆ ಇದಕ್ಕಿಂತ ಭಾರವಾದ ಕೆಲಸವಿರಲಿಲ್ಲ.

ಪೇಸ್ಟು ಬದಲಿಸಿದ ಮರುದಿನ ಭುವನಾ ಸಂತೆಯಿಂದ ನೀರು ತುಂಬಿಡುವ ಮೂರು ಮಣ್ಣಿನ ಹರವಿ ತಂದಳು.

“ಮನ್ಯಾಗ ಫ್ರಿಜ್ ಐತಲ್ಲವಾ ಯವ್ವಾ,” ಎಂದ ಚನಬಸಪ್ಪ. ಸಾರಿಗೆ ಬಸ್ಸಿನ ಚಾಲಕನಾದ ಅವನಿಗೆ ವಾಹನಗಳಲ್ಲದ ಯಂತ್ರಗಳ ಮೇಲೆ ನಂಬಿಕೆ ಕಡಿಮೆ. “ಹರವಿ ಯಾಕ ಮತ್ತ?”

“ನಿನ್ನ ಬಸ್ಸಿಗೆ ರೇಡಿಯೇಟರ್ ಐತಿಲ್ಲೋ? ಇದು ಅವ್ವನ ಕಣ್ಣಿನ ರೇಡಿಯೇಟರ್.”

ಕಾರ್ಡಿನ ಫ್ಯಾನುಗಳನ್ನು ಬಿಚ್ಚಿ, ಚಿಪ್ಪಿನ ಮೇಲೆ ನೀರು ಹರಿಯುವ ತಾಮ್ರದ ಒಂದು ಬಿಲ್ಲೆಯನ್ನು ಕೂರಿಸಿದಳು. ಸಣ್ಣ ಪಂಪು ಆ ನೀರನ್ನು ಪೈಪಿನಲ್ಲಿ ಹೊರಗೆ ತಂದು, ಹರವಿಗಳೊಳಗೆ ಸುತ್ತಿಟ್ಟ ತಾಮ್ರದ ಸುರುಳಿಗಳ ಮೂಲಕ ಹಾಯಿಸಿ ಮರಳಿ ಒಯ್ಯುತ್ತಿತ್ತು. ಹರವಿಯ ಮಣ್ಣಿನಿಂದ ಜಿನುಗುವ ನೀರು ಒಣಗಾಳಿಗೆ ಆವಿಯಾಗುತ್ತ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಹರವಿಗಳಿಗೆ ಒದ್ದೆ ಗೋಣಿತಟ್ಟು ಸುತ್ತಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಳು. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ತಂಪು. ಬಾಗಲಕೋಟೆಯ ಬಿಸಿಲು ಮೊದಲ ಬಾರಿಗೆ ಅವರ ಪರವಾಗಿ ಕೆಲಸ ಮಾಡಿತು.

ಸಂಜೆಯ ಹೊತ್ತಿಗೆ ನೀಲವ್ವ ತೊಟ್ಟಿಲ ಚಿತ್ತಾರದ ಮೊದಲ ಸಾಲು ಮುಗಿಸಿದ್ದಳು.

ಧಾರವಾಡದ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಡಾ. ರೆಹಾನಾ ನದಾಫ್ ಗೋಡೆಯ ಮೇಲಿನ ತೆರೆಯನ್ನು ನೋಡುತ್ತ ನಿಂತಳು. ಕೇಂದ್ರದ ಪ್ರತಿ ರೋಗಿಯ ಮನೆಯ ಕಾರ್ಡಿಗೂ ಅಲ್ಲೊಂದು ಗೆರೆಯಿತ್ತು. ಬಿಸಿಲ ಜಿಲ್ಲೆಗಳ ಗೆರೆಗಳೆಲ್ಲ ಕೆಂಪಾಗಿದ್ದವು; ಒಂದು ಮಾತ್ರ ಹಸಿರಿಗೆ ಇಳಿದಿತ್ತು. ಸಂವೇದಕ ಕೆಟ್ಟಿರಬೇಕೆಂದುಕೊಂಡು ಅವಳು ಫೋನ್ ಮಾಡಿದಳು.

“ಭುವನಾ, ಮನ್ಯಾಗ ಎಸಿ ಹಾಕ್ಸೀರೇನು?”

“ಇಲ್ರೀ ಮೇಡಂ. ಹರವಿ ಹಾಕೀವಿ.”

ವಿವರ ಕೇಳಿ ರೆಹಾನಾ ಮನಸಾರೆ ನಕ್ಕಳು. “ಜೂನ್ ತಿಂಗಳಾಗ ಏನ್ ಮಾಡ್ತಿ? ಮಳಿ ಮೋಡ ಬಂದ್ರ ಗಾಳಿ ಹಸಿ ಆಗ್ತೈತಿ. ಹಸಿ ಗಾಳ್ಯಾಗ ನಿನ್ನ ಹರವಿ ಬರೇ ಹರವಿ.”

ಅದನ್ನು ಭುವನಾ ಯೋಚಿಸದೆ ಇರಲಿಲ್ಲ. ಉತ್ತರ ಮಾತ್ರ ಸಿಕ್ಕಿರಲಿಲ್ಲ.

“ಹೊಸ ಕಾರ್ಡು ಬಂದಾವ,” ಎಂದಳು ರೆಹಾನಾ. “ಬಿಸಿಲ ಜಿಲ್ಲಾದವರಿಗೆ ಮೊದಲು. ನಿಮ್ಮ ಹೆಸರು ಹಾಕೀನಿ.”

ಹೊಸ ಕಾರ್ಡು ಬಂದ ದಿನ ನೀಲವ್ವ ನೇರ ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟು ನೀರು ಬೀಳುವುದನ್ನು ನೋಡುತ್ತ ನಿಂತಳು. ತುಣುಕುಗಳಿರಲಿಲ್ಲ, ನೀರು ನೀರಿನಂತೆಯೇ ಬೀಳುತ್ತಿತ್ತು. ಗುಬ್ಬಿಯೊಂದು ಕಿಟಕಿಯಿಂದ ತಂತಿಗೆ ಹಾರಿದ ದಾರಿ ಇಡಿಯಾಗಿ ಕಂಡಿತು. ಕೊನೆಗೆ ಗಂಡನ ಕಡೆ ತಿರುಗಿ, “ಮೀಸಿ ಇಷ್ಟು ಬೆಳ್ಳಗಾಗೇತೇನ್ರಿ?” ಎಂದಳು.

“ಹಳೇ ಕಾರ್ಡ ಚಲೋ ಇತ್ತು,” ಎಂದ ಚನಬಸಪ್ಪ.

ಕಾರ್ಡು ಮುಟ್ಟಿದರೆ ಉಗುರುಬೆಚ್ಚಗೆ ಮಾತ್ರ ಇತ್ತು. ಭುವನಾ ಹರವಿಗಳನ್ನು ಅಡುಗೆಮನೆಗೆ ಸಾಗಿಸಿದಳು. ಹೊಸ ಕಾರ್ಡಿನ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಡುವಾಗಿಯೇ ಉಳಿಯುತ್ತಿತ್ತು. ಅವಳು ಹಿಂಜರಿಯುತ್ತಲೇ ಮತ್ತೆ ಆಟಕ್ಕೆ ಕುಳಿತಳು. ಪಂದ್ಯವೊಂದಕ್ಕೆ ಹೆಸರನ್ನೂ ಕೊಟ್ಟಳು. ಮನೆಯಲ್ಲಿ ಎಲ್ಲರಿಗೂ ಅವರವರ ಲೋಕ ಮರಳಿ ಸಿಕ್ಕಂತಾಯಿತು.

ಮೇ ತಿಂಗಳ ಮಧ್ಯದ ಒಂದು ಬೆಳಿಗ್ಗೆ ನೀಲವ್ವ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ಗೋಪುರದ ಸಾಲು ಮುಗಿದಿತ್ತು, ತೊಟ್ಟಿಲುಗಳ ಸಾಲು ಮುಗಿಯುತ್ತ ಬಂದಿತ್ತು. ಹಳೆಯ ರೂಢಿಯಂತೆ ಅವಳ ಎಡಗೈಯ ಹೆಬ್ಬೆರಳು ಬಟ್ಟೆಯ ಬೆನ್ನಿನ ಮೇಲೆ ಓಡಿತು. ಬೆರಳಿಗೆ ಹೊಲಿಗೆ ಸಿಕ್ಕಿತು, ಬಟ್ಟೆ ಸಿಕ್ಕಿತು, ಹೊಲಿಗೆ ಸಿಕ್ಕಿತು, ಬಟ್ಟೆ ಸಿಕ್ಕಿತು.

ಅವಳು ಸೆರಗನ್ನು ಮಗುಚಿ ನೋಡಿದಳು. ಬಿಳಿಯ ಗೆರೆ ಎಲ್ಲೂ ತುಂಡಾಗದೆ ಹರಿದಿತ್ತು.

ವಯಸ್ಸಾಯಿತು, ಬೆರಳಿನ ಚರ್ಮ ದಪ್ಪವಾಗಿರಬೇಕು ಎಂದುಕೊಂಡಳು. ಮರುದಿನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ತೊಳೆದು, ಮತ್ತೆ ಮುಟ್ಟಿದಳು. ಬೆರಳು ಅದನ್ನೇ ಹೇಳಿತು. ಕಣ್ಣೂ ತನ್ನದನ್ನೇ ಹೇಳಿತು. ಯಾವುದನ್ನು ನಂಬುವುದು?

“ಭುವೀ, ಇಲ್ಲಿ ಬಾರವ್ವ. ಈ ತೊಟ್ಟಿಲಾ ನೋಡು. ಗೆರಿ ತುಂಬೈತಿಲ್ಲೋ?”

ಭುವನಾ ಬಗ್ಗಿ ನೋಡಿದಳು. “ಎಲ್ಲಿ ತುಂಬೈತಿ? ಹೋಗೂ ಹೊಲಿಗಿ ಅಷ್ಟ ಐತಿ. ಬರೂ ಹೊಲಿಗಿ ಇನ್ನೂ ಹಾಕಬೇಕಲ್ಲ ನೀ.” ತಾಯಿಯ ಮುಖ ನೋಡಿ ಅವಳ ದನಿ ಇಳಿಯಿತು. “ಯಾಕ ಯವ್ವಾ? ಹಾಕೀನಿ ಅಂತ ತಿಳದಿದ್ದೇನು?”

ಸೆರಗಿನ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಇತ್ತು. ಕೆಲವು ಸಾಲುಗಳಲ್ಲಿ ಹೋಗುವಾಗಲೇ ಎಣಿಕೆ ತಪ್ಪಿ ಗೆರೆ ಪಕ್ಕಕ್ಕೆ ಜಾರಿತ್ತು. ಅದೂ ಅವಳಿಗೆ ನೇರವಾಗಿಯೇ ಕಂಡಿತ್ತು.

ನೀಲವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ ಕೇಳಿದಳು: “ನಿನ್ನಿ ಪಂದ್ಯ ಮುಗಿಸಿ ಬಂದು ನನ್ನ ಮುಂದ ಕುಂತಿದ್ದೆಲ್ಲಾ, ಆವಾಗ ನೀ ನಕ್ಕಿಯೇನು?”

“ನಗೂದೆಲ್ಲಿ ಬಂತು? ಸೋತು ಬಂದಿದ್ದೆ. ಅಳೂ ಬರೂ ಹಂಗಿತ್ತು.”

“ನಂಗ ನಕ್ಕಂಗ ಕಂಡ್ತು,” ಎಂದಳು ನೀಲವ್ವ. “ಅದಕ್ಕ ನಾ ಏನೂ ಕೇಳಲಿಲ್ಲ.”

ಕನ್ನಡಕವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕತ್ತಲೆಯಾಯಿತು. ಆ ಕತ್ತಲೆಯಲ್ಲಿ ಸುಳ್ಳಿರಲಿಲ್ಲ.

ಭುವನಾ ಫೋನ್ ಮಾಡಿ ಹೇಳಿದ ಮೇಲೆ ರೆಹಾನಾ ಅಂದು ಸಂಜೆಯೇ ಆ ಮನೆಯ ದತ್ತಾಂಶವನ್ನು ತೆರೆದಳು. ಹೊಸ ಕಾರ್ಡಿನ ಕೆಲಸದ ಕ್ರಮ ಅವಳಿಗೆ ತಿಳಿದದ್ದೇ: ದೃಶ್ಯದಲ್ಲಿ ಚಲಿಸುವ ಸಣ್ಣ ಭಾಗವನ್ನು ಮಾತ್ರ ಅದು ಪ್ರತಿ ಬಾರಿ ಅಳೆಯುತ್ತದೆ, ಚಲಿಸದೆ ಇರುವ ಉಳಿದುದನ್ನು, ಮೊದಲು ಕಲಿತ ಕೋಟ್ಯಂತರ ಚಿತ್ರಗಳ ಆಧಾರದಿಂದ ತುಂಬುತ್ತದೆ. ತುಂಡು ಗೆರೆಗಳು ಸಾಲಾಗಿದ್ದರೆ ಅದು ಪೂರ್ಣ ಗೆರೆಯೇ ಇರಬೇಕು. ಎದುರಿಗೆ ಅಲುಗಾಡದೆ ಕುಳಿತ ಮುಖ ನಗುತ್ತಿರಬೇಕು, ಏಕೆಂದರೆ ಜನ ತೆಗೆಸಿಕೊಂಡ ಚಿತ್ರಗಳಲ್ಲಿ ಮುಖಗಳು ನಗುತ್ತವೆ. ಅದು ತಣ್ಣಗಿದ್ದದ್ದು ಒಳ್ಳೆಯ ಫ್ಯಾನಿನಿಂದಲ್ಲ. ನೋಡುವುದಕ್ಕಿಂತ ಊಹಿಸುವುದಕ್ಕೆ ಕಡಿಮೆ ಶಾಖ ಸಾಕು.

ಅದನ್ನು ಅಂಗೀಕರಿಸಿದ ಸಮಿತಿಯಲ್ಲಿ ಅವಳೂ ಇದ್ದಳು. ನಡೆದಾಡುವ, ಮೆಟ್ಟಿಲು ಹತ್ತುವ, ಬಸ್ಸು ಹಿಡಿಯುವ ಪರೀಕ್ಷೆಗಳನ್ನೆಲ್ಲ ಮಾಡಿದ್ದರು. ಹೊಲಿಯುವುದನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಿರ್ದೇಶಕರಾದ ಡಾ. ಹಂಚಿನಮನಿ ಅವಳ ಮಾತನ್ನು ತಾಳ್ಮೆಯಿಂದ ಕೇಳಿದರು. “ರೆಹಾನಾ, ನಮ್ಮ ಮೆದುಳೂ ಹಿಂಗ ಮಾಡ್ತದ. ಕಣ್ಣಿನ ಕುರುಡು ಚುಕ್ಕಿಯನ್ನ ತಾನ ತುಂಬಿಕೊಳ್ತದ. ಈ ಕಾರ್ಡಿನ ಮ್ಯಾಲೆ ಇಲ್ಲೀತನಕ ಒಂದು ದೂರಿಲ್ಲ.”

“ದೂರು ಎಲ್ಲಿಂದ ಬರಬೇಕ್ರಿ ಸರ್? ತಪ್ಪು ಅವರಿಗೆ ಕಾಣೂದ ಇಲ್ಲಲ್ಲ,” ಎಂದಳು ರೆಹಾನಾ. “ಮೆದುಳು ಊಹಿಸ್ತದ, ಖರೆ. ಆದ್ರ ಕೈ ಮುಟ್ಟಿ ಇಲ್ಲ ಅಂದ್ರ ತಿದ್ದಿಕೊಳ್ತದ. ನಮ್ಮ ಕಾರ್ಡಿಗೆ ಕೈ ಇಲ್ರಿ.”

ಹಂಚಿನಮನಿಯವರು ಕನ್ನಡಕ ತೆಗೆದು ಒರೆಸಿಕೊಂಡರು. “ಊಹೆ ಬಂದ್ ಮಾಡಾಕ ಬರ್ತದೇನು?”

“ಇಲ್ರಿ. ಅದನ್ನ ಚಿಪ್ಪಿನಾಗ ಕೂಡಿಸಿ ಕಳಿಸ್ಯಾರ.”

ರೆಹಾನಾ ಮರುದಿನ ತಾನೇ ಬಾಗಲಕೋಟೆಗೆ ಹೋದಳು. ನೀಲವ್ವ ಸೆರಗಿನ ಜಾರಿದ ಸಾಲುಗಳನ್ನು ಬೆರಳಿನಿಂದ ಹುಡುಕಿ ಬಿಚ್ಚುತ್ತಿದ್ದಳು, ಕನ್ನಡಕ ಪಕ್ಕದಲ್ಲಿತ್ತು.

“ತಪ್ಪು ನಮ್ಮದ್ರಿ ನೀಲಕ್ಕಾರ,” ಎಂದಳು ರೆಹಾನಾ. “ಆದ್ರ ನಿಮಗ ಎರಡೂ ಕಡಿ ಮಾತು ಹೇಳಬೇಕು. ಹೊಸ ಕಾರ್ಡು ಇಟ್ಕೊಂಡ್ರ ನಡದಾಡೂದು ಸಲೀಸು, ಬೇಸಿಗಿ ಚಿಂತಿ ಇಲ್ಲ. ಹಳೇದು ಹಾಕಿದ್ರ ಕಂಡದ್ದು ಖರೇ ಇರ್ತದ. ಆದ್ರ ಮಳಿ ಮೋಡ ಹತ್ರ ಬಂದಾವ. ಹರವಿ ಸಾಲೂದಿಲ್ಲ.”

“ಸಾಲಲಿಲ್ಲಂದ್ರ ಏನಾಗ್ತೈತ್ರಿ?”

ಉತ್ತರ ಕೊಟ್ಟವಳು ಭುವನಾ. “ಬಿಸಿ ಆದಷ್ಟೂ ನೋಟದ ಅಗಲ ಕಡಿಮಿ ಮಾಡೂಹಂಗ ಪ್ರೋಗ್ರಾಂ ಬರದೀನಿ ಯವ್ವಾ. ನಡುವಿಂದಷ್ಟ ಪೂರ್ತಿ ಲೆಕ್ಕ ಆಗ್ತೈತಿ. ಸುತ್ತ ಕತ್ತಲಾ. ಗಾಳಿ ಭಾಳ ಹಸಿ ಆತಂದ್ರ ಒಂದು ಅಂಗೈಯಷ್ಟ ಕಾಣಸ್ತೈತಿ.”

“ಆ ಅಂಗೈಯಷ್ಟು ಖರೇನೋ?”

“ಖರೇ.”

“ಮತ್ತ ನಿನ್ನ ಆಟ?”

“ಹೆಂಗೂ ಸೋಲಾಕತ್ತಿದ್ದೆ,” ಎಂದಳು ಭುವನಾ. ಆ ಮಾತಿನಲ್ಲಿ ಎಷ್ಟು ನಿಜವಿತ್ತೆಂದು ನೋಡಲು ನೀಲವ್ವ ಕನ್ನಡಕಕ್ಕೆ ಕೈ ಚಾಚಿದಳು. ಅದರಿಂದ ತಿಳಿಯದೆಂದು ನೆನಪಾಗಿ ಕೈ ಹಿಂತೆಗೆದು ಮಗಳ ಕೆನ್ನೆಯನ್ನು ಮುಟ್ಟಿದಳು. ಕೆನ್ನೆ ಒದ್ದೆಯಾಗಿರಲಿಲ್ಲ.

“ಹಳೇದ ಹಾಕವ್ವ,” ಎಂದು ರೆಹಾನಾಳ ದನಿಯಿದ್ದ ಕಡೆ ತಿರುಗಿದಳು. “ಡಾಕ್ಟರ್ರ, ಊಹಿ ಮಾಡೂದ ಬ್ಯಾಡ ಅನ್ನೂದಿಲ್ಲ ನಾ. ದಾರ್ಯಾಗ ಹೋಗೂವ್ರಿಗೆ ಅದೂ ಬೇಕಾಗ್ತೈತಿ. ಇದು ನಾ ನೋಡಿದ್ದು, ಇದು ನಾ ಅಂದಾಜು ಮಾಡಿದ್ದು ಅಂತ ಒಂದು ಮಾತು ಹೇಳ್ಬೇಕಿಲ್ರಿ ಅದು?”

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಕುಳಿತೇ ರೆಹಾನಾ ಮುಂದಿನ ಕಾರ್ಡಿನ ವಿನ್ಯಾಸಕ್ಕೆ ಒಂದು ಷರತ್ತು ಬರೆದಳು: ಊಹಿಸಿದ ಭಾಗ ಅಳೆದ ಭಾಗಕ್ಕಿಂತ ಮಸುಕಾಗಿ ಕಾಣತಕ್ಕದ್ದು. ಸಮಿತಿ ಅದನ್ನು ಒಪ್ಪುವುದಕ್ಕೆ, ಕಾರ್ಖಾನೆ ಅದನ್ನು ತಯಾರಿಸುವುದಕ್ಕೆ ಹಲವು ತಿಂಗಳು ಬೇಕು. ಅಷ್ಟರಲ್ಲಿ ಹೊಸ ಕಾರ್ಡಿನ ಪ್ರತಿ ರೋಗಿಗೂ ಫೋನ್ ಮಾಡಿ ವಿಷಯ ತಿಳಿಸಿ, ಆಯ್ಕೆಯನ್ನು ಅವರಿಗೇ ಬಿಡುವುದೆಂದು ಹಂಚಿನಮನಿಯವರೂ ಒಪ್ಪಿದರು. ಹೆಚ್ಚಿನವರು ಹೊಸ ಕಾರ್ಡನ್ನೇ ಉಳಿಸಿಕೊಂಡರು. ಒಬ್ಬ ಮುದುಕರು ಮಾತ್ರ, ತಮ್ಮ ಮೊಮ್ಮಗ ದಿನಾ ನಗುತ್ತಿದ್ದದ್ದು ನಿಜವೋ ಹೇಗೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ಹರವಿಗಳು ಕಿಟಕಿಗೆ ಮರಳಿದವು. ಉಳಿದ ದಿನಗಳಲ್ಲಿ ನೀಲವ್ವ ಬಿಚ್ಚಿದ್ದನ್ನು ಮತ್ತೆ ಹಾಕಿದಳು. ಚಿತ್ರಗಳು ಕೆಲವೊಮ್ಮೆ ನಿಂತುನಿಂತು ಬರುತ್ತಿದ್ದವು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅವಳು ಸೂಜಿಯನ್ನು ಬಟ್ಟೆಯ ಮೇಲೆ ಹಿಡಿದು ಕಾಯುತ್ತಿದ್ದಳು. ಮೋಡ ಕಟ್ಟಿದಂತೆಲ್ಲ ನೋಟದ ವೃತ್ತ ಕಿರಿದಾಯಿತು. ಮೊದಲು ಕೋಣೆಯಷ್ಟು, ಆಮೇಲೆ ಬಾಗಿಲಷ್ಟು, ಆಮೇಲೆ ತಟ್ಟೆಯಷ್ಟು. ಕೊನೆಯ ತೊಟ್ಟಿಲಿಗೆ ಬರುವ ಹೊಲಿಗೆಯನ್ನು ಹಾಕಿದ್ದು ಅಂಗೈಯಗಲದ ಬೆಳಕಿನಲ್ಲಿ.

ಕುಬಸದ ದಿನ ಬೆಳಗಿನಿಂದ ಮಳೆ ಹಿಡಿದಿತ್ತು. ಮನೆಯ ತುಂಬ ಜನ, ಹೂವಿನ ವಾಸನೆ, ಒದ್ದೆ ಗಾಳಿ. ಹರವಿಗಳ ಮೈಮೇಲಿನ ನೀರು ಆವಿಯಾಗದೆ ನೆಲಕ್ಕೆ ಇಳಿಯುತ್ತಿತ್ತು. ಭುವನಾ ಕಂಪ್ಯೂಟರಿನ ಬಳಿ ಕುಳಿತು ಬೀಸಣಿಗೆಯಿಂದ ಕಾರ್ಡಿಗೆ ಗಾಳಿ ಹಾಕುತ್ತಿದ್ದಳು. “ಬೀಗರಿಗೆ ಗಾಳಿ ಹಾಕೂದು ಬಿಟ್ಟು ಡಬ್ಬಿಗೆ ಹಾಕಾಕತ್ತಾಳ ನೋಡ್ರಿ ಈಕಿ,” ಎಂದು ಯಾರೋ ನಕ್ಕರು.

ಗಿರಿಜಾಳನ್ನು ಮಣೆಯ ಮೇಲೆ ಕೂರಿಸಿದರು. ಅವಳ ಅತ್ತೆ, ಅತ್ತೆಯ ಅಕ್ಕ, ಇನ್ನಿಬ್ಬರು ಹಿರಿಯರು ಸುತ್ತ ಕುಳಿತು ಸೆರಗನ್ನು ಕೈಗೆ ತೆಗೆದುಕೊಂಡರು.

ನೀಲವ್ವ ಎದುರಿಗಿದ್ದಳು. ಅವಳ ಬಳಿ ಒಂದು ಅಂಗೈಯಷ್ಟು ನೋಟವಿತ್ತು. ಅದರೊಳಗೆ ಸೆರಗು ಮಗುಚುವ ಕೈಗಳು ಕಂಡವು: ಹಸಿರು ಬಳೆ, ಅರಿಶಿನ ಹತ್ತಿದ ಉಗುರು, ಬಿಳಿಯ ಗೆರೆಯ ಒಂದು ತುದಿ. ಇನ್ನೊಂದು ಕ್ಷಣದಲ್ಲಿ ಅವರು ಬೆನ್ನನ್ನು ನೋಡುತ್ತಾರೆ.

ಅವಳ ಹೆಬ್ಬೆರಳು ತಾನಾಗಿ ತೋರುಬೆರಳನ್ನು ಸವರಿತು. ಆ ಬೆನ್ನು ಅದಕ್ಕೆ ಗೊತ್ತಿತ್ತು.

ನೀಲವ್ವ ಕತ್ತನ್ನು ನಿಧಾನವಾಗಿ ಮೇಲೆತ್ತಿದಳು. ವೃತ್ತ ಸೆರಗನ್ನು ಬಿಟ್ಟು, ಕತ್ತಲೆಯನ್ನು ದಾಟಿ, ಗಿರಿಜಾಳ ಮುಖದ ಮೇಲೆ ನಿಂತಿತು. ಹಣೆಯೂ ಗಲ್ಲವೂ ಅದರಲ್ಲಿ ಹಿಡಿಸಲಿಲ್ಲ. ಕಣ್ಣು, ಮೂಗು, ಬಾಯಿ ಅಷ್ಟೇ. ಬಾಯಿ ನಗುತ್ತಿರಲಿಲ್ಲ. ಮಗಳು ಕೆಳತುಟಿ ಕಚ್ಚಿಕೊಂಡು, ಹೆದರಿದ ಕಣ್ಣುಗಳಿಂದ ತಾಯಿಯನ್ನೇ ನೋಡುತ್ತಿದ್ದಳು. ಸೀರೆಗಾಗಿ ಹೆದರಿದ್ದಳೋ, ಹೆರಿಗೆಗಾಗಿಯೋ, ಆ ಚಿತ್ರದಲ್ಲಿ ಇರಲಿಲ್ಲ.

ಚಿತ್ರ ನಿಂತಿತು. ಮುಂದಿನದು ಬರಲು ತಡವಾಗುತ್ತಿತ್ತು.

“ಗಿರಿಜಾ,” ಎಂದಳು ನೀಲವ್ವ, ಎಲ್ಲರಿಗೂ ಕೇಳುವಂತೆ, “ಅಂಜಬ್ಯಾಡ ನನ್ನವ್ವ. ನಾ ನೋಡಾಕತ್ತೀನಿ.”